ಕಡತ ಹುಡುಕುವ ಕ್ರಮ: ಮುಡಬಿಯ ಉದಾಹರಣೆ
(ಭಾಷಣದ ಪಠ್ಯ)



ಗುಡ್ಡ ಕರಗುವುದಕ್ಕೆ ಮೊದಲು ಕಾಗದ ಹುಟ್ಟುತ್ತದೆ. ಅರ್ಜಿ, ಗುತ್ತಿಗೆ, ಪರಿಸರ ಅನುಮತಿ, ಸಭಾ ನಡಾವಳಿ ಇವೆಲ್ಲ ಕಚೇರಿಯಲ್ಲಿ ಸಿದ್ಧವಾದ ಮೇಲೆಯೇ ಯಂತ್ರವು ಊರಿಗೆ ಬರುವುದು. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯು ಸಾರ್ವಜನಿಕ ಆಲಿಕೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕೆನ್ನುತ್ತದೆ. ಆದರೆ ‘ಬಿ-2’ ವರ್ಗದ ಸಣ್ಣ ಗಣಿಗಳಿಗೆ ಆ ಆಲಿಕೆಯೂ ಇಲ್ಲ. ಅಂತಹ ಕಡೆ ಹಳ್ಳಿಗರು ತಾವೇ ಕಡತವನ್ನು ಹುಡುಕಿ ಓದದಿದ್ದರೆ ಲಾರಿಯ ಸದ್ದೇ ಅವರಿಗೆ ಸಿಗುವ ಮೊದಲ ನೋಟೀಸು.

ಮುಡಬಿಯು ಮಲೆನಾಡಿನವರಿಗೆ ದೂರದ ಊರು. ಬೀದರ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನದು. ಪಾಠಕ್ಕೆ ಮಾತ್ರ ಇದಕ್ಕಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಅಲ್ಲಿನ ವಿದ್ಯಾರ್ಥಿನಿಯೊಬ್ಬಳು ಗೂಗಲ್‌ನಲ್ಲಿ ಊರಿನ ಹೆಸರನ್ನು ಬರೆದಳೆಂದು ಇಟ್ಟುಕೊಳ್ಳಬಹುದು. ಯಂತ್ರವು ಅದನ್ನು ತಪ್ಪು ಕಾಗುಣಿತವೆಂದು ಬಗೆದು ಮೂಡಬಿದಿರೆಯತ್ತ ಎಳೆದೊಯ್ದರೂ ಆಶ್ಚರ್ಯವಿಲ್ಲ. ಹೆಸರನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಬರೆದ ಅಕ್ಷರಗಳನ್ನೇ ಹುಡುಕು ಎಂದು ಆಜ್ಞೆಯಾಗುತ್ತದೆ. ಗುಮಾಸ್ತರು ಆ ಹೆಸರನ್ನು ಇಂಗ್ಲಿಷಿನಲ್ಲಿ ನಡುವೆ ‘ಎ’ ಸೇರಿಸಿಯೂ ಬರೆಯುತ್ತಾರೆ, ಸೇರಿಸದೆಯೂ ಬರೆಯುತ್ತಾರೆ. ಆದುದರಿಂದ ಎರಡು ರೂಪಗಳ ನಡುವೆ ‘ಆರ್’ ಎಂಬ ಇಂಗ್ಲಿಷ್ ಪದವನ್ನು ದೊಡ್ಡ ಅಕ್ಷರಗಳಲ್ಲಿ ಇಡಬೇಕು. ಅದರ ಅರ್ಥ ‘ಅಥವಾ’.

ಹೆಸರುಗಳ ತೊಡಕು ಇಷ್ಟಕ್ಕೆ ಮುಗಿಯದು. ಗುಲಬರ್ಗಾ 2014ರಲ್ಲಿ ಕಲಬುರಗಿಯಾಯಿತು, ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಚಿಟಗುಪ್ಪವು ಇಂದು ಬೇರೆ ತಾಲ್ಲೂಕು, ಅದರ ಹಳೆಯ ಕಡತಗಳಲ್ಲಿರುವುದು ಹುಮನಾಬಾದ್ ತಾಲ್ಲೂಕೆಂದೇ. ಹೊಸ ಹೆಸರಿನಿಂದ ಹಳೆಯ ಕಾಗದ ಸಿಗುವುದಿಲ್ಲ. ಇನ್ನು ಬೀದರದ ಕಾರಂಜಾ ನದಿಯನ್ನು ಹುಡುಕಿದರೆ ಮಹಾರಾಷ್ಟ್ರದ ವಾಶಿಮ್ ಜಿಲ್ಲೆಯ ಕಾರಂಜಾ ಪಟ್ಟಣವೂ ಎದುರಾಗುತ್ತದೆ. ಆಗ ಕಳೆಯುವ ಚಿಹ್ನೆಯನ್ನು ಹಾಕಿ, ಜಾಗ ಬಿಡದೆ ‘ವಾಶಿಮ್’ ಎಂದು ಬರೆದರೆ ಆ ಪದವಿರುವ ಪುಟಗಳು ದೂರವಾಗುತ್ತವೆ.

ಪದಸಂಗ್ರಹವೇ ಇಲ್ಲಿ ಮುಖ್ಯ ಕೆಲಸ. ಚಿಹ್ನೆಗಳನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಊರಿನವರು ಕೆಂಪುಕಲ್ಲು ಎನ್ನುವುದು ಕಡತದಲ್ಲಿ ‘ಲ್ಯಾಟರೈಟ್’. ಕಲ್ಲು ತೆಗೆಯುವ ಜಾಗ ‘ಕ್ವಾರಿ ಲೀಸ್’, ಕಲ್ಲು ‘ಮೈನರ್ ಮಿನರಲ್’, ಕೆರೆ ‘ಟ್ಯಾಂಕ್’. ಮೊರಂ ಮಣ್ಣಿಗೆ ಇಂಗ್ಲಿಷ್ ಕಾಗುಣಿತವೇ ಮೂರು ನಾಲ್ಕು ಬಗೆ. ಒಂದು ಕಡತ ದೊರೆತೊಡನೆ ಅದರಲ್ಲಿರುವ ಕಚೇರಿಯ ಪದಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಅವುಗಳಿಂದಲೇ ಮರುಹುಡುಕಾಟ ನಡೆಸುವವನಿಗೆ ಎರಡನೆಯ ಕಡತ ಬೇಗ ದೊರೆಯುತ್ತದೆ.

ಅನಂತರ ಹುಡುಕುವ ಕ್ಷೇತ್ರವನ್ನು ಕಿರಿದು ಮಾಡಬೇಕು. ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ಒಂದರ ಮೇಲೊಂದು ಇರುವ ಎರಡು ಚುಕ್ಕೆ ಇಟ್ಟು, ಜಾಗ ಬಿಡದೆ ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂದರೆ ರಾಜ್ಯ ಸರ್ಕಾರದ ತಾಣಗಳು ಮಾತ್ರ. ಹಳೆಯ ಪುಟಗಳಿಗೆ ‘ಎನ್‌ಐಸಿ ಡಾಟ್ ಇನ್’ ಅನ್ನೂ ನೋಡಬೇಕು. ‘ಫೈಲ್‌ಟೈಪ್’, ಎರಡು ಚುಕ್ಕೆ, ‘ಪಿಡಿಎಫ್’ ಎಂದು ಸೇರಿಸಿದರೆ ಆದೇಶ, ವರದಿಗಳಂಥ ದಾಖಲೆಗಳೇ ಮುಂದೆ ಬರುತ್ತವೆ. 2019ರಿಂದ ‘ಬಿಫೋರ್’, ‘ಆಫ್ಟರ್’ ಎಂಬ ಆಜ್ಞೆಗಳಿಂದ ವರ್ಷದ ಮಿತಿಯನ್ನೂ ಹಾಕಬಹುದು. ಹಳೆಯ ಪುಸ್ತಕಗಳು ಹೇಳುವ ಕೂಡುವ ಚಿಹ್ನೆಯನ್ನು ಗೂಗಲ್ 2011ರಲ್ಲಿಯೇ ಕೈಬಿಟ್ಟಿದೆ.

ಕನ್ನಡದಲ್ಲಿ ಹುಡುಕುವವರಿಗೆ ಒಂದು ಎಚ್ಚರಿಕೆ ಅಗತ್ಯ. ಯೂನಿಕೋಡ್‌ಗೆ ಮುಂಚಿನ ನುಡಿ ಮೊದಲಾದ ಅಕ್ಷರಶೈಲಿಗಳಲ್ಲಿ ಸಿದ್ಧವಾದ ಕಡತವು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ‘ಗೋಮಾಳ’ ಎಂದು ಎಷ್ಟು ಸಲ ಬರೆದರೂ ಅದು ಓಗೊಡುವುದಿಲ್ಲ. ಸರ್ಕಾರವೇ ಬಹುಕಾಲ ಬಳಸಿದ ಲಿಪಿಯಲ್ಲಿ ಸರ್ಕಾರದ ಕಾಗದ ಕಾಣದಂತಾಗಿರುವುದು ವಿಷಾದದ ಸಂಗತಿ. ಅಂತಹಲ್ಲಿ ಊರಿನ ಇಂಗ್ಲಿಷ್ ಹೆಸರು, ಇಲಾಖೆ, ವರ್ಷ ಇವುಗಳನ್ನು ಹಿಡಿದು ಹೋಗಬೇಕು.

ಏನೂ ಸಿಗಲಿಲ್ಲವೆಂದರೆ ಗಣಿಯೇ ಇಲ್ಲವೆಂದು ತಿಳಿಯಬಾರದು. ಐದು ಹೆಕ್ಟೇರಿಗಿಂತ ಕಿರಿದಾದ ಉಪಖನಿಜ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2012ರ ಫೆಬ್ರವರಿಯಲ್ಲಿ, ದೀಪಕ್ ಕುಮಾರ್ ಪ್ರಕರಣದಲ್ಲಿ. ಅದಕ್ಕಿಂತ ಹಿಂದಿನ ಸಣ್ಣ ಗಣಿಯ ಸುಳಿವನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪಟ್ಟಿಗಳಲ್ಲಿ ಅರಸಬೇಕು. 2018ರಲ್ಲಿ ಆರಂಭವಾದ ಕೇಂದ್ರದ ‘ಪರಿವೇಶ್’ ತಾಣದ ಹಲವು ಕಡತಗಳು ಅದರೊಳಗಿನ ಹುಡುಕುಪೆಟ್ಟಿಗೆಗೆ ಮಾತ್ರ ಒಲಿಯುತ್ತವೆ. ಅಲ್ಲಿಯೂ ಇಲ್ಲವಾದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಹುಡುಕಾಟದಲ್ಲಿ ದೊರೆತ ಕಡತಸಂಖ್ಯೆ, ದಿನಾಂಕ, ಸರ್ವೆ ನಂಬರುಗಳನ್ನು ಆ ಅರ್ಜಿಯಲ್ಲಿ ನಮೂದಿಸಿದರೆ ‘ಸ್ಪಷ್ಟತೆ ಇಲ್ಲ’ ಎಂದು ಹಿಂದಿರುಗಿಸಲು ಅವಕಾಶ ಕಡಿಮೆ.

ದೊರೆತ ಕಡತವನ್ನು ಅಂದೇ ಇಳಿಸಿಕೊಂಡು, ವಿಳಾಸವನ್ನೂ ತಾರೀಖನ್ನೂ ಬರೆದಿಡಬೇಕು. ತಾಣ ಬದಲಾದಾಗ ಪುಟಗಳು ಕಾಣೆಯಾಗುವುದುಂಟು. ಆ ವಿಳಾಸವಿದ್ದರೆ ‘ವೇಬ್ಯಾಕ್ ಮಷೀನ್’ ಎಂಬ ಜಾಲಸಂಗ್ರಹದಲ್ಲಿ ಹಳೆಯ ಪ್ರತಿ ಉಳಿದಿದೆಯೇ ಎಂದು ನೋಡಬಹುದು.