ತೊಡೆಯ ಮೇಲಿನ ಮಗು



ಕಾರಿನಲ್ಲಿ ತಾಯಿ, ಆಕೆಯ ತೊಡೆಯ ಮೇಲೆ ಮಗು. ಇದು ನಾವು ದಿನವೂ ನೋಡುವ ದೃಶ್ಯ. ನಾನೂ ನನ್ನ ಮಗಳನ್ನು ಹೀಗೆಯೇ ಊರಿಗೆ ಕರೆದೊಯ್ಯುತ್ತಿದ್ದೆ. ತಾಯಿಯ ತೋಳಿಗಿಂತ ಭದ್ರವಾದ ಜಾಗ ಇಲ್ಲವೆಂಬ ನಂಬಿಕೆ. ಆದರೆ ನೀವು ಓದಿರುವ ನ್ಯೂಟನ್ನನ ನಿಯಮಗಳು ಬೇರೆಯೇ ಹೇಳುತ್ತವೆ.

ಲೆಕ್ಕ ಮಾಡೋಣ. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಡಿಕ್ಕಿಯಾಗಿ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತೆನ್ನಿ. ಮಗು ಮಾತ್ರ ಅದೇ ವೇಗದಲ್ಲಿ ಮುಂದೆ ಸಾಗುತ್ತದೆ. 10 ಕಿಲೋ ತೂಕದ ಆ ಮಗುವನ್ನು ಕಾರಿನೊಡನೆಯೇ ನಿಲ್ಲಿಸಲು ಸುಮಾರು 1400 ನ್ಯೂಟನ್ ಬಲ ಬೇಕು. ಅಂದರೆ 140 ಕಿಲೋ ಭಾರವನ್ನು ಎತ್ತಿ ಹಿಡಿದಂತೆ. ಯಾವ ತಾಯಿಯ ಕೈಗೂ ಇದು ಸಾಧ್ಯವಿಲ್ಲ.

ಮಕ್ಕಳ ಸೀಟು ಇರುವುದು ಇದಕ್ಕಾಗಿಯೇ. ಆದರೆ ಅದನ್ನು ಹಿಂದಿನ ಸೀಟಿನ ಮೇಲೆ ಸುಮ್ಮನೆ ಇಟ್ಟರೆ ಸಾಲದು. ಮಗುವಿನೊಡನೆ ಅದೂ ಹಾರುತ್ತದೆ. ಕಾರಿನ ಬೆಲ್ಟನ್ನು ಗುರುತು ಮಾಡಿದ ದಾರಿಯಲ್ಲೇ ತೂರಿಸಿ, ಸೀಟನ್ನು ಒತ್ತಿ ಹಿಡಿದು ಬಿಗಿಯಬೇಕು. ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಜರುಗಬಾರದು. ಮಗುವಿನ ಹೆಗಲ ಪಟ್ಟಿಯನ್ನು ಚಿವುಟಿದರೆ ಬೆರಳಿಗೆ ಮಡಿಕೆ ಸಿಗಬಾರದು. ಹಸುಗೂಸಿನ ಸೀಟು ಹಿಂದಕ್ಕೆ ಮುಖ ಮಾಡಿರಲಿ; ಆಗ ಆಘಾತ ಕುತ್ತಿಗೆಯೊಂದಕ್ಕೇ ಬೀಳದೆ ಬೆನ್ನಿಗೆಲ್ಲ ಹಂಚಿಹೋಗುತ್ತದೆ. ಏರ್‌ಬ್ಯಾಗಿನ ಎದುರು ಅದನ್ನು ಎಂದಿಗೂ ಇಡಬಾರದು.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆ, 14 ವರ್ಷದೊಳಗಿನ ಮಕ್ಕಳನ್ನು ಹೀಗೆ ಭದ್ರಪಡಿಸದಿದ್ದರೆ 1000 ರೂಪಾಯಿ ದಂಡ ಹಾಕುತ್ತದೆ. ಡಿಕ್ಕಿಯಾದರೆ ತೆರಬೇಕಾದದ್ದು ಅಷ್ಟಕ್ಕೇ ಮುಗಿಯುವುದಿಲ್ಲ.

ಅಕ್ಕನ ಮಗುವನ್ನು ಕಾರಿಗೆ ಹತ್ತಿಸುವ ಮುನ್ನ, ಈ ಲೆಕ್ಕವನ್ನು ಮನೆಯವರ ಮುಂದೆ ಒಮ್ಮೆ ಮಾಡಿ ತೋರಿಸಿ.