ಬೋರ್ ಇಳಿಸುವ ಮೊದಲು ಮಣ್ಣು ನೋಡಿ
(ರಜತ ಮಹೋತ್ಸವದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಬಾವಿನೀರು ಏಪ್ರಿಲಿಗೆ ಉಪ್ಪಾದ ಕೂಡಲೆ ನಮ್ಮವರು ಬೋರ್‌ವೆಲ್ ಸಾಲಕ್ಕೆ ಅರ್ಜಿ ಹಿಡಿದುಕೊಂಡು ಬರುತ್ತಾರೆ. ಆಳಕ್ಕೆ ಹೋದಷ್ಟು ಸಿಹಿನೀರು ಅಂತ ನಂಬಿಕೆ. ನಾವೂ ಹಾಗೆ ನಂಬಿ ಕೈಸುಟ್ಟುಕೊಂಡವರೇ. ಪಾವಂಜೆ ಹೊಳೆಬದಿಯ ತೋಟದಲ್ಲಿ ಬೋರ್ ಇಳಿಸಿದಾಗ ಮೊದಲು ಹೊಯಿಗೆ, ಮತ್ತೆ ಮರುವಾಯಿ ಚಿಪ್ಪು ಸೇರಿದ ಕಪ್ಪು ಜೇಡಿ, ಅದರಡಿ ಪುನಃ ಹೊಯಿಗೆ ಬಂತು. ನೀರು ಧಾರಾಳ, ಬಾಯಿಗಿಟ್ಟರೆ ಉಪ್ಪು! ಅದೇ ತೋಟದ ಆರು ಕೋಲಿನ ಹಳೆ ಬಾವಿಯ ನೀರಿನಲ್ಲಿ ಇವತ್ತಿಗೂ ಗಂಜಿ ಬೇಯುತ್ತದೆ. ಸಾಲದ ಕಂತು ಮಾತ್ರ ಐದು ವರ್ಷ ಕಟ್ಟಿದೆವು.

ಯಾಕೆ ಹೀಗೆ? ಮಳೆನೀರು ಕಡಲ ನೀರಿಗಿಂತ ಹಗುರ. ಹೊಯಿಗೆಯಲ್ಲಿ ಅದು ಉಪ್ಪುನೀರಿನ ಮೇಲೆ ತೇಲುತ್ತದೆ. ಸಮುದ್ರ ಮಟ್ಟಕ್ಕಿಂತ 1 ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಅಡಿ ಸಿಹಿನೀರು ಉಂಟು ಅಂತ ಲೆಕ್ಕ. ಪಂಪು ಹಾಕಿ ಆ ಒಂದಡಿ ಎಳೆದರೆ ಅಡಿಯ ಉಪ್ಪು ಮೇಲೇರುತ್ತದೆ.

ಜೇಡಿಯ ಗುಣ ಬೇರೆ. ಅದು ನೀರನ್ನು ಬಿಡುವುದು ಬಹಳ ನಿಧಾನ. ಹೊಯಿಗೆಯಲ್ಲಿ ಸೇರಿದ ಉಪ್ಪನ್ನು ಮಳೆ ತೊಳೆದೀತು. ಹಿಂದೆ ಉಪ್ಪುನೀರಿನಲ್ಲಿ ಕೂತ ಕೆಸರು ಮಾತ್ರ ತನ್ನ ಉಪ್ಪನ್ನು ಸಾವಿರಾರು ವರ್ಷ ಒಳಗೇ ಇಟ್ಟುಕೊಂಡು, ಸುತ್ತಲಿನ ನೀರಿಗೆ ಚೂರುಚೂರೇ ಬಿಡುತ್ತಿರುತ್ತದೆ. ನಮ್ಮ ಕೆಂಪುಕಲ್ಲಿನ ಅಡಿಯ ಶೇಡಿಮಣ್ಣನ್ನು ಇದರ ಜೊತೆ ಸೇರಿಸಬೇಡಿ. ಅದು ಇದ್ದಲ್ಲೇ ಬಂಡೆ ಶಿಥಿಲವಾಗಿ ಆದ ಮಣ್ಣು, ಕಡಲು ತಂದು ಹಾಕಿದ್ದಲ್ಲ.

ಆಳದಲ್ಲಿ ಸಿಹಿನೀರು ಎಲ್ಲಿಯೂ ಇಲ್ಲ ಅಂತಲ್ಲ. ಬಂಗಾಳದ ಸುಂದರಬನದಲ್ಲಿ ಮೇಲಿನ ನೀರು ಉಪ್ಪು, ದಪ್ಪ ಜೇಡಿಯ ಅಡಿಯಲ್ಲಿ, 600 ಅಡಿಗಿಂತಲೂ ಕೆಳಗೆ, ಸಿಹಿ. ಅಲ್ಲಿ ಜೇಡಿಯೇ ಮುಚ್ಚಳದ ಹಾಗೆ ಕಾಯುತ್ತದೆ. ನಮ್ಮಲ್ಲಿ ಅಷ್ಟು ಆಳಕ್ಕೆ ಮಣ್ಣೇ ಇಲ್ಲ, ಬೇಗ ಕರಿಕಲ್ಲು ಸಿಗುತ್ತದೆ. ಆ ಲೆಕ್ಕ ಇಲ್ಲಿಗೆ ಆಗುವುದಿಲ್ಲ.

ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು. ಕಡಲ ನೀರಿನಲ್ಲಿ ಸುಮಾರು 19,000. ನೂರು ಕೊಡ ಒಳ್ಳೆ ನೀರಿಗೆ ಎರಡು ಕೊಡ ಕಡಲ ನೀರು ಸೇರಿದರೆ ಸಾಕು, ಮಿತಿ ದಾಟಿತು. ಪಾವಂಜೆ ಹೊಳೆಗೂ ಗುರುಪುರ ಹೊಳೆಗೂ ನಡುವಿನ ನಮ್ಮ ಈ ಜಾಗದ ಅಂತರ್ಜಲದ ಬಗ್ಗೆ ಎನ್.ಐ.ಟಿ.ಕೆ.ಯವರು ಅಭ್ಯಾಸ ಮಾಡಿದ್ದಾರೆ. ಮನೆಬಾಗಿಲಲ್ಲೇ ವಿದ್ಯೆ ಇರುವಾಗ ಕೇಳಲಿಕ್ಕೆ ನಾಚಿಕೆ ಎಂತಕ್ಕೆ?

ಬೋರ್ ಇಳಿಸುವಾಗ ಹತ್ತು ಹತ್ತು ಅಡಿಗೆ ಬಂದ ಮಣ್ಣನ್ನು ಬೇರೆ ಬೇರೆ ರಾಶಿ ಹಾಕಿಸಿ. ಚಿಪ್ಪಿನ ಕಪ್ಪು ಕೆಸರು ಕಂಡರೆ ಅಲ್ಲಿಗೇ ನಿಲ್ಲಿಸಿ, ವಿಚಾರಿಸಿ ಮುಂದುವರಿಯಿರಿ. ನೀರಿನ ಪರೀಕ್ಷೆ ಮೇ ತಿಂಗಳಲ್ಲಿ ಮಾಡಿಸಿ. ಆಗಸ್ಟಿನಲ್ಲಿ ಎಲ್ಲ ಬಾವಿಯೂ ಸಿಹಿಯೇ! ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದನ್ನು ಫೆಬ್ರವರಿವರೆಗೆ ತಳ್ಳುವುದು ಬೇಡ.

ಇನ್ನು ಮುಂದೆ ಬೋರ್ ಸಾಲದ ಅರ್ಜಿಯ ಜೊತೆಗೆ ಹತ್ತಿರದ ಬಾವಿಯ ಮೇ ತಿಂಗಳ ನೀರಿನ ಪರೀಕ್ಷೆಯ ಚೀಟಿಯನ್ನೂ ಇಡಬೇಕು ಎಂಬ ಸೂಚನೆಯನ್ನು ಬರುವ ಆಡಳಿತ ಮಂಡಳಿ ಸಭೆಯಲ್ಲಿ ತರುವವರಿದ್ದೇವೆ. ಬೈಯುವವರು ಆ ದಿನ ಬಂದು ಬೈಯಿರಿ.