ಮ್ಯಾಕ್‌ಡೂಗಲ್ ಬೀದಿಯ ವಾದ್ಯದಂಗಡಿ



ಸಂಗೀತದ ಚರಿತ್ರೆ ಹೇಳುವಾಗ ಗಾಯಕರನ್ನು ನೆನೆಯುತ್ತೇವೆ, ಗುರುಗಳನ್ನು ನೆನೆಯುತ್ತೇವೆ, ಆಶ್ರಯ ಕೊಟ್ಟ ರಾಜರನ್ನೂ ನೆನೆಯುತ್ತೇವೆ. ತಂತಿ ಮಾರಿದವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಇವತ್ತು ಅಂಥ ಒಬ್ಬ ಅಂಗಡಿಯವರ ಕಥೆ ಹೇಳುತ್ತೇನೆ. ಅವರ ಹೆಸರು ಇಜ್ಜಿ ಯಂಗ್. ಅಂಗಡಿಯ ಹೆಸರು ಫೋಕ್‌ಲೋರ್ ಸೆಂಟರ್. ನ್ಯೂಯಾರ್ಕ್ ನಗರದ ಗ್ರೀನಿಚ್ ವಿಲೇಜ್ ಬಡಾವಣೆಯ ಮ್ಯಾಕ್‌ಡೂಗಲ್ ಬೀದಿಯಲ್ಲಿ, 110ನೇ ನಂಬರಿನ ಕಟ್ಟಡದಲ್ಲಿ, 1957ರಲ್ಲಿ ಅದು ಬಾಗಿಲು ತೆರೆಯಿತು.

ಇಜ್ಜಿ ಹುಟ್ಟಿದ್ದು 1928ರಲ್ಲಿ, ನ್ಯೂಯಾರ್ಕಿನಲ್ಲೇ. ಪೋಲೆಂಡಿನಿಂದ ವಲಸೆ ಬಂದ ಯಹೂದಿ ಮನೆತನ, ತಂದೆಯದು ಬೇಕರಿ. ಡಾಕ್ಟರಿಕೆಯ ಕಡೆಗೆ ಕಾಲೇಜು ಓದು ಶುರು ಮಾಡಿದರೂ ಅವರ ಕಾಲುಗಳು ಬೇರೆ ಕಡೆ ಹೊರಟಿದ್ದವು. ಸ್ಕ್ವೇರ್ ಡ್ಯಾನ್ಸ್ ಅವರನ್ನು ಹಿಡಿಯಿತು. ನಾಲ್ಕು ಜೋಡಿಗಳು ಚೌಕವಾಗಿ ನಿಲ್ಲುತ್ತವೆ, ಒಬ್ಬರು ಹೆಜ್ಜೆಗಳನ್ನು ಕೂಗಿ ಹೇಳುತ್ತಾರೆ, ಪಿಟೀಲು ಬ್ಯಾಂಜೋಗಳ ಜೊತೆಗೆ ಎಲ್ಲರೂ ಕುಣಿಯುತ್ತಾರೆ. ಮಾರ್ಗೊ ಮೇಯೊ ನಡೆಸುತ್ತಿದ್ದ ನೃತ್ಯ ತಂಡದಲ್ಲಿ ಕುಣಿಯುತ್ತ ಕುಣಿಯುತ್ತ ಆ ಹಾಡುಗಳು ಎಲ್ಲಿಂದ ಬಂದವು ಎಂಬ ಕುತೂಹಲ ಹುಟ್ಟಿತು. ಜಾನಪದ ವಿದ್ವಾಂಸ ಕೆನೆತ್ ಗೋಲ್ಡ್‌ಸ್ಟೈನ್ ಅವರ ಪರಿಚಯವಾದ ಮೇಲೆ ಹಳೆಯ ಜಾನಪದ ಪುಸ್ತಕಗಳನ್ನು ಹುಡುಕಿ, ಪಟ್ಟಿ ಮಾಡಿ, ಅಂಚೆಯ ಮೂಲಕ ಮಾರತೊಡಗಿದರು. ಆ ಪಟ್ಟಿಯೇ ಬೆಳೆದು ಅಂಗಡಿಯಾಯಿತು.

ಆ ಕಾಲ ಹೇಗಿತ್ತು ಎಂದು ಸ್ವಲ್ಪ ನೋಡೋಣ. ಹಾಡುಗಳಿಗೆ ಬರವಿರಲಿಲ್ಲ. ಮೋಸಸ್ ಆಶ್ ಅವರ ಫೋಕ್‌ವೇಸ್ ಕಂಪನಿ ಜಾನಪದ ರೆಕಾರ್ಡುಗಳನ್ನು ಹೊರತರುತ್ತಿತ್ತು. ಅದೇ ಕಂಪನಿಯಿಂದ 1952ರಲ್ಲಿ ಬಂದ ಹ್ಯಾರಿ ಸ್ಮಿತ್ ಅವರ ಸಂಕಲನದಲ್ಲಿ 1920 ಮತ್ತು 30ರ ದಶಕದ 84 ಹಳೆಯ ಧ್ವನಿಮುದ್ರಣಗಳಿದ್ದವು. ನಗರದ ಹುಡುಗರು ಅವನ್ನು ಸವೆಯುವಷ್ಟು ಕೇಳುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದಾಗಿನಿಂದ ವಾಷಿಂಗ್ಟನ್ ಸ್ಕ್ವೇರ್ ಉದ್ಯಾನದ ಕಾರಂಜಿಯ ಸುತ್ತ ಭಾನುವಾರ ಮಧ್ಯಾಹ್ನ ಗಿಟಾರು ಹಿಡಿದವರು ಸೇರಿ ಹಾಡುವ ರೂಢಿಯೂ ಬೆಳೆದಿತ್ತು. ಆದರೆ ಸರ್ಕಾರಕ್ಕೆ ಈ ಹಾಡುಗಾರರೆಂದರೆ ಗುಮಾನಿ. ಬ್ಯಾಂಜೋ ವಾದಕ ಪೀಟ್ ಸೀಗರ್ 1955ರಲ್ಲಿ ಸಂಸತ್ ಸಮಿತಿಯ ಮುಂದೆ ತಮ್ಮ ರಾಜಕೀಯದ ಬಗ್ಗೆ ಬಾಯಿಬಿಡಲು ಒಪ್ಪಲಿಲ್ಲ. ಅದಕ್ಕಾಗಿ 1957ರಲ್ಲಿ, ಈ ಅಂಗಡಿ ತೆರೆದ ವರ್ಷವೇ, ಅವರ ಮೇಲೆ ಮೊಕದ್ದಮೆ ಹೂಡಿದರು. ದೊಡ್ಡ ಟೆಲಿವಿಷನ್ ವಾಹಿನಿಗಳು ಅವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಹೀಗೆ ಹಾಡಿತ್ತು, ಹಾಡುವವರಿದ್ದರು, ಕೇಳುವವರೂ ಇದ್ದರು. ವಾರದ ಆರು ದಿನ ಅವರು ಕೂಡಲು ಒಂದು ಜಾಗವಿರಲಿಲ್ಲ.

ಇಜ್ಜಿ ಕೊಟ್ಟದ್ದು ಆ ಜಾಗ. ಚಿಕ್ಕ ಅಂಗಡಿ. ಗೋಡೆಯ ಮೇಲೆ ಗಿಟಾರು, ಬ್ಯಾಂಜೋ, ಡಲ್ಸಿಮರ್. ಕಪಾಟುಗಳಲ್ಲಿ ಲಾವಣಿ ಸಂಗ್ರಹಗಳು, ಹಡಗಿನವರ ಹಾಡುಗಳು, ಕಾರ್ಮಿಕರ ಹಾಡುಗಳು, ರೆಕಾರ್ಡುಗಳು. ತಂತಿ ಬೇಕಾದವರಿಗೆ ತಂತಿ, ಮೀಟುವ ಪಿಕ್ ಬೇಕಾದವರಿಗೆ ಪಿಕ್. ಬ್ಯಾಂಜೋ ಎಂದರೆ ನಮ್ಮ ಕಡೆಯ ವಾದ್ಯಗೋಷ್ಠಿಗಳಲ್ಲಿ ಆ ಹೆಸರಿನಿಂದ ಕರೆಯುವ, ಗುಂಡಿ ಒತ್ತಿ ನುಡಿಸುವ ವಾದ್ಯವಲ್ಲ. ಇದು ದುಂಡನೆಯ ಬಳೆಗೆ ಚರ್ಮ ಬಿಗಿದು, ಉದ್ದ ಕುತ್ತಿಗೆ ಜೋಡಿಸಿದ್ದು. ಆಫ್ರಿಕಾದಿಂದ ಗುಲಾಮರಾಗಿ ಸಾಗಿಸಲ್ಪಟ್ಟ ಜನರ ನೆನಪಿನಿಂದ ಅಮೆರಿಕದ ನೆಲದಲ್ಲಿ ಹುಟ್ಟಿದ ವಾದ್ಯ. ಅಲ್ಲಿದ್ದ ಯಾವ ವಾದ್ಯಕ್ಕೂ ವಿದ್ಯುತ್ತಿನ ಹಂಗಿರಲಿಲ್ಲ. ಕೈಗೆತ್ತಿಕೊಂಡರೆ ಸಾಕು, ಸಂಗೀತ ಶುರು. ಅಂಗಡಿಯ ಗುಣವನ್ನು ನಿರ್ಧರಿಸಿದ್ದೂ ಇದೇ. ಪರೀಕ್ಷಿಸಲೆಂದು ಒಬ್ಬ ಗಿಟಾರು ಮೀಟಿದರೆ ಪಕ್ಕದವನು ದನಿಗೂಡಿಸುತ್ತಾನೆ, ಮೂರನೆಯವನು ಆ ಹಾಡಿನ ಬೇರೊಂದು ಪಾಠ ತನಗೆ ಗೊತ್ತು ಎನ್ನುತ್ತಾನೆ.

ಮದುವೆಮನೆಯ ಉಗ್ರಾಣ ನೋಡಿದ್ದೀರಲ್ಲ? ಎಲೆ ಕೇಳಲು ಬಂದವರು ಅಡಿಕೆಯ ಸುದ್ದಿ ತಿಳಿದು, ಹತ್ತು ವರ್ಷದಿಂದ ಕಾಣದ ನೆಂಟರನ್ನು ಮಾತಾಡಿಸಿ ಹೊರಡುತ್ತಾರೆ. ಫೋಕ್‌ಲೋರ್ ಸೆಂಟರ್ ನಡೆಯುತ್ತಿದ್ದದ್ದು ಹಾಗೆ. ಊರಿಗೆ ಯಾರು ಬಂದಿದ್ದಾರೆ, ಯಾವ ಕಾಫಿ ಹೌಸಿನಲ್ಲಿ ಯಾರ ಹಾಡು, ಯಾರಿಗೆ ಜೊತೆಗಾರ ಬೇಕು, ಮಲಗಲು ಯಾರ ಮನೆಯಲ್ಲಿ ಜಾಗವಿದೆ, ಎಲ್ಲವೂ ಅಲ್ಲಿ ತಿಳಿಯುತ್ತಿತ್ತು. ಇಜ್ಜಿ ಆ ಸುದ್ದಿಗಳನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. 1959ರಿಂದ ಸುಮಾರು ಹತ್ತು ವರ್ಷ ‘ಸಿಂಗ್ ಔಟ್’ ಪತ್ರಿಕೆಗೆ ಅಂಕಣ ಬರೆದರು. ಬೀದಿಯ ಸಮಾಚಾರ ದೇಶದ ಮೂಲೆಮೂಲೆಯ ಗಿಟಾರು ಹಿಡಿದ ಹುಡುಗ ಹುಡುಗಿಯರಿಗೆ ಮುಟ್ಟಿತು. ಆ ಬೀದಿಗೊಮ್ಮೆ ಹೋಗಬೇಕು ಎಂಬ ಆಸೆ ಅವರಲ್ಲಿ ಹುಟ್ಟಿತು.

ವ್ಯಾಪಾರದ ಮಾತಿಗೆ ಬಂದರೆ ಇಜ್ಜಿಯದು ಬೇರೆಯೇ ಲೆಕ್ಕ. 1958ರಲ್ಲಿ ಕಿಂಗ್‌ಸ್ಟನ್ ಟ್ರಿಯೊ ತಂಡದ ‘ಟಾಮ್ ಡೂಲಿ’ ಅಮೆರಿಕದ ಮೊದಲ ಸ್ಥಾನದ ಹಾಡಾಗಿ, ಜಾನಪದ ಗೀತೆಯೂ ಹಣ ತರುತ್ತದೆ ಎಂದು ಎಲ್ಲರಿಗೂ ಗೊತ್ತಾಯಿತು. ಅದರ ಲಾಭ ಇಜ್ಜಿಯ ಗಲ್ಲಾಪೆಟ್ಟಿಗೆಯವರೆಗೆ ಬಂದದ್ದು ಕಡಿಮೆ. 1960ರಲ್ಲಿ ಅವರು ಸ್ನೇಹಿತ ಟಾಮ್ ಪ್ರೆಂಡರ್‌ಗಾಸ್ಟ್ ಜೊತೆಗೂಡಿ ಮೈಕ್ ಪೊರ್ಕೊ ಅವರ ಗರ್ಡೀಸ್ ಎಂಬ ಇಟಾಲಿಯನ್ ಹೋಟೆಲಿನಲ್ಲಿ ಹಾಡಿನ ಕಾರ್ಯಕ್ರಮ ಆರಂಭಿಸಿದರು. ಅದಕ್ಕೆ ಬ್ಯಾಂಜೋದ ಐದನೇ ತಂತಿಯ ಬಿರಡೆಯ ನೆನಪಿನಲ್ಲಿ ‘ಫಿಫ್ತ್ ಪೆಗ್’ ಎಂದು ಹೆಸರಿಟ್ಟರು. ಟಿಕೆಟ್ಟಿನ ಹಣ ಇವರಿಗೆ, ಊಟ ಪಾನೀಯದ ಹಣ ಹೋಟೆಲಿಗೆ ಎಂಬುದು ಒಪ್ಪಂದ. ಕೆಲವೇ ತಿಂಗಳಲ್ಲಿ ಇಜ್ಜಿ ಕೈ ಸುಟ್ಟುಕೊಂಡು ಹೊರಬಂದರು. ಪೊರ್ಕೊ ಅದನ್ನೇ ಗರ್ಡೀಸ್ ಫೋಕ್ ಸಿಟಿ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಅದು ಅಮೆರಿಕದ ಅತಿ ಹೆಸರುವಾಸಿ ಜಾನಪದ ವೇದಿಕೆಗಳಲ್ಲಿ ಒಂದಾಯಿತು.

ಈ ಅಂಗಡಿ ಏನೇನು ಮಾಡಬಲ್ಲದು ಎಂದು ತಿಳಿಯಲು 1961ನೇ ಇಸವಿಯೊಂದನ್ನು ನೋಡಿದರೆ ಸಾಕು.

ಆ ಜನವರಿಯಲ್ಲಿ ಮಿನೆಸೋಟದಿಂದ 19 ವರ್ಷದ ಒಬ್ಬ ಹುಡುಗ ಬಂದ. ಬಾಬ್ ಡಿಲನ್. ಕೈಯಲ್ಲಿ ಕಾಸಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಸೌದೆಯ ಒಲೆ, ಅಲುಗಾಡುವ ಕುರ್ಚಿಗಳು, ಒಂದು ಗ್ರಾಮೋಫೋನ್ ಇದ್ದವು. ಅಲ್ಲಿ ಕೂತು ರೆಕಾರ್ಡುಗಳನ್ನು ಕೇಳಲು ಇಜ್ಜಿ ಬಿಟ್ಟರು. 2004ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನದಲ್ಲಿ ಡಿಲನ್ ಇದನ್ನು ಬರೆದಿದ್ದಾರೆ. ಅದೇ ಪುಸ್ತಕದಲ್ಲಿ ಇನ್ನೊಂದು ಪ್ರಸಂಗವಿದೆ. ಒಂದು ದಿನ ಡೇವ್ ವ್ಯಾನ್ ರಾಂಕ್ ಅಂಗಡಿಗೆ ಬಂದರು. ಆ ಬೀದಿಯ ಹಾಡುಗಾರರಿಗೆಲ್ಲ ಹಿರಿಯಣ್ಣ ಅವರು. ಪಕ್ಕದ ಗ್ಯಾಸ್‌ಲೈಟ್ ಕೆಫೆಯಲ್ಲಿ ಹಾಡುವುದು ಹೇಗೆಂದು ವ್ಯಾನ್ ರಾಂಕ್ ಅವರನ್ನು ಡಿಲನ್ ಕೇಳಿಯೇಬಿಟ್ಟರು. ಕಸ ಗುಡಿಸುವ ಕೆಲಸ ಬೇಕೇ ಎಂದು ವ್ಯಾನ್ ರಾಂಕ್ ಕೇಳಿದರಂತೆ. ಬೇಡ, ಹಾಡಿ ತೋರಿಸಲೇ ಎಂದು ಡಿಲನ್ ಅಲ್ಲೇ ಗಿಟಾರು ಎತ್ತಿಕೊಂಡು ಒಂದು ಬ್ಲೂಸ್ ಹಾಡಿದರು. ದಾರಿ ತೆರೆಯಿತು. ಗಮನಿಸಿ, ಅಲ್ಲಿ ಯಾರೂ ಏನನ್ನೂ ಕೊಂಡಿರಲಿಲ್ಲ.

ಫೆಬ್ರವರಿಯಲ್ಲಿ ಇನ್ನೊಂದು ಕೆಲಸ. ರಾಲ್ಫ್ ರಿಂಜ್ಲರ್, ಜಾನ್ ಕೊಹೆನ್ ಮತ್ತು ಇಜ್ಜಿ ಸೇರಿ ‘ಫ್ರೆಂಡ್ಸ್ ಆಫ್ ಓಲ್ಡ್ ಟೈಮ್ ಮ್ಯೂಸಿಕ್’ ಎಂಬ ಬಳಗ ಕಟ್ಟಿದ್ದರು. ನಗರದ ಹುಡುಗರು ರೆಕಾರ್ಡು ಕೇಳಿ ಕಲಿಯುತ್ತಿದ್ದಾರೆ, ಆ ರೆಕಾರ್ಡಿನಲ್ಲಿ ಹಾಡಿದವರು ಬೆಟ್ಟಗುಡ್ಡಗಳ ಊರುಗಳಲ್ಲಿ ಇನ್ನೂ ಬದುಕಿದ್ದಾರೆ, ಅವರನ್ನೇ ಕರೆಸೋಣ ಎಂಬುದು ಅವರ ವಿಚಾರ. ವಿಲೇಜಿನ ಒಂದು ಶಾಲೆಯ ಸಭಾಂಗಣದಲ್ಲಿ ಕೆಂಟಕಿಯ ರಾಸ್ಕೊ ಹಾಲ್‌ಕಂಬ್ ಹಾಡಿದರು. ಮುಂದಿನ ತಿಂಗಳು ಕ್ಲಾರೆನ್ಸ್ ಆಶ್ಲಿ ಜೊತೆಯಲ್ಲಿ ಉತ್ತರ ಕೆರೊಲಿನಾದ ಡಾಕ್ ವಾಟ್ಸನ್ ಬಂದರು. ಕಣ್ಣು ಕಾಣದ ಆ ಗಿಟಾರು ವಾದಕರ ಬೆರಳಿನ ಚುರುಕನ್ನು ನ್ಯೂಯಾರ್ಕ್ ಬೆರಗಾಗಿ ಕೇಳಿತು. 1965ರವರೆಗೆ ಇಂಥ 14 ಕಛೇರಿಗಳು ನಡೆದವು. ಮೇಬೆಲ್ ಕಾರ್ಟರ್, ಬಿಲ್ ಮನ್ರೊ, ಮಿಸಿಸಿಪಿ ಜಾನ್ ಹರ್ಟ್ ಅಂಥವರು ಬಂದು ಹೋದರು.

ಏಪ್ರಿಲ್ ಬಂದಾಗ ಜಗಳ ಬಂತು. ನಗರದ ಉದ್ಯಾನಗಳ ಆಯುಕ್ತ ನ್ಯೂಬೋಲ್ಡ್ ಮಾರಿಸ್, ವಾಷಿಂಗ್ಟನ್ ಸ್ಕ್ವೇರಿನ ಭಾನುವಾರದ ಹಾಡಿಗೆ ಅನುಮತಿ ಇಲ್ಲ ಎಂದರು. ಇಜ್ಜಿ ಸುಮ್ಮನಿರುವವರಲ್ಲ. ಏಪ್ರಿಲ್ 9ರ ಭಾನುವಾರ ಅವರ ಮುಂದಾಳುತನದಲ್ಲಿ ನೂರಾರು ಜನ ವಾದ್ಯ ಹಿಡಿದು ಉದ್ಯಾನಕ್ಕೆ ನಡೆದರು. ಪೊಲೀಸರು ತಡೆದರು, ಹಾಡುವುದಕ್ಕೆ ಅಪ್ಪಣೆ ಯಾಕೆ ಬೇಕು ಎಂದು ಇಜ್ಜಿ ವಾದಕ್ಕೆ ನಿಂತರು. ಎಳೆದಾಟವಾಯಿತು, ಕೆಲವರ ಬಂಧನವೂ ಆಯಿತು. ಡ್ಯಾನ್ ಡ್ರಾಸಿನ್ ಎಂಬ ತರುಣ ಅದನ್ನೆಲ್ಲ ಚಿತ್ರೀಕರಿಸಿ ‘ಸಂಡೇ’ ಎಂಬ 17 ನಿಮಿಷದ ಚಿತ್ರ ಮಾಡಿದರು. ಇಂದಿಗೂ ಅದನ್ನು ನೋಡಬಹುದು. ಮುಂದಿನ ತಿಂಗಳೇ ಮೇಯರ್ ರಾಬರ್ಟ್ ವ್ಯಾಗ್ನರ್ ಭಾನುವಾರದ ಹಾಡಿಗೆ ಮತ್ತೆ ಒಪ್ಪಿಗೆ ಕೊಟ್ಟರು. ಅಂಗಡಿ ಇಲ್ಲದಿದ್ದರೆ ಈ ಹಾಡುಗಾರರು ಚದುರಿದ ಗುಂಪು. ಒಂದು ದೂರು ಬರೆಯಲು, ಹತ್ತು ಜನರನ್ನು ಕೂಡಿಸಲು, ಮುಂದೆ ನಿಂತು ಮಾತಾಡಲು ಒಬ್ಬರು ಬೇಕಲ್ಲ. ದಿನವೂ ಬಾಗಿಲು ತೆರೆದು ಕೂರುತ್ತಿದ್ದ ಅಂಗಡಿಯವರೇ ಆ ಒಬ್ಬರಾದರು.

ಆ ಗಲಾಟೆಯಾದ ಎರಡೇ ದಿನಕ್ಕೆ, ಇಜ್ಜಿ ಕೈಬಿಟ್ಟಿದ್ದ ಅದೇ ಗರ್ಡೀಸ್ ವೇದಿಕೆಯಲ್ಲಿ, ಜಾನ್ ಲೀ ಹೂಕರ್ ಅವರಿಗಿಂತ ಮುಂಚೆ ಡಿಲನ್ ಹಾಡಿದರು. ನವೆಂಬರ್ 4ರಂದು ಕಾರ್ನೆಗಿ ಹಾಲ್ ಕಟ್ಟಡದ ಚಿಕ್ಕ ಸಭಾಂಗಣದಲ್ಲಿ ಅವರ ಕಛೇರಿಯನ್ನು ಇಜ್ಜಿ ಏರ್ಪಡಿಸಿದರು. ಟಿಕೆಟ್ಟಿಗೆ 2 ಡಾಲರ್. ಬಂದವರು ಐವತ್ತರ ಆಸುಪಾಸು, ಹೆಚ್ಚಿನವರು ಪರಿಚಯದವರೇ. ಇಜ್ಜಿಗೆ ನಷ್ಟವಾಯಿತು. ಆ ಕಛೇರಿಯ ತಯಾರಿಗೆಂದು ಇಜ್ಜಿ ಹುಡುಗನನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿ ದಿನಚರಿಯಲ್ಲಿ ಬರೆದುಕೊಂಡಿದ್ದರು. ಸಂಚಾರಿ ಮೇಳದಲ್ಲಿ ತಿರುಗಿದೆ, ಅದು ಮಾಡಿದೆ, ಇದು ಮಾಡಿದೆ ಎಂದು ಡಿಲನ್ ಕಟ್ಟಿದ ಕಥೆಗಳೆಲ್ಲ ಅದರಲ್ಲಿವೆ. ಮುಂದೆ ಸಂಶೋಧಕರಿಗೆ ಅದು ಅಮೂಲ್ಯ ದಾಖಲೆಯಾಯಿತು. ಡಿಲನ್ ಕೂಡ ಋಣ ಮರೆಯದೆ 1962ರಲ್ಲಿ ಈ ಅಂಗಡಿಯ ಮೇಲೆಯೇ ‘ಟಾಕಿಂಗ್ ಫೋಕ್‌ಲೋರ್ ಸೆಂಟರ್’ ಎಂಬ ಹಾಡು ಬರೆದುಕೊಟ್ಟರು.

1965ರಲ್ಲಿ ಅಂಗಡಿ ಹತ್ತಿರದ ಸಿಕ್ಸ್ತ್ ಅವೆನ್ಯೂಗೆ ಸ್ಥಳ ಬದಲಿಸಿತು. ಅಷ್ಟರಲ್ಲಿ ಡಿಲನ್ ಕೈಗೆ ಎಲೆಕ್ಟ್ರಿಕ್ ಗಿಟಾರು ಬಂದಿತ್ತು, ಗಾಳಿ ರಾಕ್ ಸಂಗೀತದ ಕಡೆಗೆ ತಿರುಗಿತ್ತು. ಇಜ್ಜಿ ಮಾತ್ರ ಅಂಗಡಿಯೊಳಗೇ ಕುರ್ಚಿ ಹಾಕಿ ಪುಟ್ಟ ಕಛೇರಿಗಳನ್ನು ನಡೆಸುತ್ತಿದ್ದರು. 1967ರ ಮಾರ್ಚ್ 6ರಂದು ಅಲ್ಲಿ ಕೆಲವೇ ಶ್ರೋತೃಗಳ ಮುಂದೆ ಟಿಮ್ ಬಕ್ಲಿ ಹಾಡಿದ್ದು ಧ್ವನಿಮುದ್ರಣವಾಗಿ ಉಳಿದು, 2009ರಲ್ಲಿ ಆಲ್ಬಮ್ ಆಗಿ ಹೊರಬಂತು. ಅಮೆರಿಕದ ಇನ್ನೊಂದು ತುದಿಯಲ್ಲೂ ಇಂಥದೇ ಪ್ರಯೋಗ ನಡೆದಿತ್ತು. ಸಾಂಟಾ ಮೋನಿಕಾದಲ್ಲಿ ಪೀಠೋಪಕರಣ ವಿನ್ಯಾಸಕ ಜೆರಾಲ್ಡ್ ಮೆಕೇಬ್ 1958ರಲ್ಲಿ ತೆರೆದ ಗಿಟಾರು ಅಂಗಡಿ, 1969ರಿಂದ ಹಿಂದಿನ ಕೋಣೆಯಲ್ಲಿ ಕಛೇರಿ ನಡೆಸತೊಡಗಿತು. ಗೋಡೆಯ ತುಂಬ ಮಾರಾಟದ ಗಿಟಾರುಗಳು, ನಡುವೆ ಹಾಡುಗಾರ.

ಇಜ್ಜಿಯ ಕಥೆ ಇಲ್ಲಿಗೇ ನಿಂತಿದ್ದರೆ, ಒಳ್ಳೆಯ ಕಾಲದಲ್ಲಿ ಒಳ್ಳೆಯ ಬೀದಿಯಲ್ಲಿ ಅಂಗಡಿ ಇಟ್ಟಿದ್ದರು, ಅದೃಷ್ಟ ಎಂದು ಸುಮ್ಮನಾಗಬಹುದಿತ್ತು. 1973ರಲ್ಲಿ ಅವರು ನ್ಯೂಯಾರ್ಕಿನ ಬಾಗಿಲು ಮುಚ್ಚಿ ಸ್ವೀಡನ್ನಿಗೆ ಹೋದರು. ಅಲ್ಲಿಯ ಹಳ್ಳಿಗಳ ಪಿಟೀಲುಗಾರರ ಸಂಗೀತ ಅವರ ಮನಸ್ಸು ಸೆಳೆದಿತ್ತು. ಸ್ಟಾಕ್‌ಹೋಮಿನಲ್ಲಿ ಫೋಕ್‌ಲೋರ್ ಸೆಂಟ್ರಮ್ ಎಂದು ಮತ್ತೆ ಬೋರ್ಡು ಹಾಕಿದರು. ಮತ್ತೆ ಅದೇ ಪುಸ್ತಕ, ಅದೇ ಸುದ್ದಿಪತ್ರ, ಅದೇ ಪುಟ್ಟ ಕಛೇರಿಗಳು. 2018ರ ನವೆಂಬರಿನಲ್ಲಿ ಅದನ್ನು ಮುಚ್ಚಿದರು. 2019ರ ಫೆಬ್ರವರಿ 4ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕಾಗದಪತ್ರಗಳು ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ.

ಲೆಕ್ಕ ಹಾಕಿ ನೋಡಿ. ನ್ಯೂಯಾರ್ಕಿನಲ್ಲಿ 16 ವರ್ಷ, ಸ್ಟಾಕ್‌ಹೋಮಿನಲ್ಲಿ 45 ವರ್ಷ. ಪುಸ್ತಕಗಳು ಬರೆಯುವುದೆಲ್ಲ ಮೊದಲಿನ 16 ವರ್ಷದ ಬಗ್ಗೆ, ಯಾಕೆಂದರೆ ಆಗ ಬಾಗಿಲೊಳಗೆ ಬಂದವರಲ್ಲಿ ಒಬ್ಬರಿಗೆ ಮುಂದೆ ನೊಬೆಲ್ ಬಂತು. ಎರಡನೇ ಅಂಗಡಿಗೆ ಅಂಥ ಡಿಲನ್ ಯಾರೂ ಬರಲಿಲ್ಲ, ಜಗತ್ತು ಅದರ ಕಡೆ ತಿರುಗಿ ನೋಡಲಿಲ್ಲ. ಆದರೂ ಸುಮಾರು ಮೂರು ಪಟ್ಟು ಕಾಲ ನಡೆಯಿತು. ವಾದ್ಯದಂಗಡಿಯ ಚರಿತ್ರೆಯನ್ನು ಅಲ್ಲಿಂದ ಎದ್ದು ಹೋದ ದೊಡ್ಡವರ ಹೆಸರಿನಿಂದ ಅಳೆಯುವುದು ಸುಲಭ. ಆದರೆ ಒಂದು ಸಂಗೀತವನ್ನು ಉಳಿಸುವವರು ನೊಬೆಲ್ ಪಡೆದ ಒಬ್ಬರಲ್ಲ, ಕಾರ್ನೆಗಿ ಹಾಲಿನ ಆ ಕಛೇರಿ ಕೇಳಲು ಬಂದ ಐವತ್ತು ಜನ. ಅವರು ಬರಲು ಒಂದು ಜಾಗ ಇರಬೇಕು, ಖರೀದಿ ಮಾಡದಿದ್ದರೂ ಕೂರು ಎನ್ನುವ ಒಬ್ಬರು ಅಲ್ಲಿರಬೇಕು. ಇಜ್ಜಿ ಯಂಗ್ ಎರಡು ದೇಶಗಳಲ್ಲಿ, ಎರಡು ಸಂಗೀತಗಳಿಗಾಗಿ, ಸುಮಾರು 60 ವರ್ಷ ಮಾಡಿದ ವ್ಯಾಪಾರ ಅದು.